ಆಷಾಢದ ಒಂದು ಮಂಗಳವಾರ

ಡಿಸೆಂಬರಿನಲ್ಲಿ ಮಲೆನಾಡನ್ನು ನೋಡಿದವರು ಯಾರೂ ಬೇಡ ಅನ್ನುವುದಿಲ್ಲ. ನಾವೂ ಅನ್ನಲಿಲ್ಲ. ಅದು 2020ರ ಡಿಸೆಂಬರ್. ಕೊರೊನಾ ಲಾಕ್‌ಡೌನ್ ಶುರುವಾದ ಮಾರ್ಚ್‌ನಿಂದ ಬೆಂಗಳೂರಿನ ವಿಜಯನಗರದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಐದು ಜನ ಉಸಿರು ಬಿಗಿಹಿಡಿದು ಕೂತಿದ್ದೆವು. ನಮ್ಮನೆಯವರ ಆಫೀಸು ಊಟದ ಮೇಜಿನ ಮೇಲೆ, ಮಗಳ ಶಾಲೆ ಮಂಚದ ಮೇಲೆ, ನನ್ನ ಲೆಕ್ಕಪತ್ರದ ಕೆಲಸ ಅಡುಗೆಮನೆಯ ಕಟ್ಟೆಯ ಮೇಲೆ. ನಾಲ್ಕು ದಿನ ಸ್ನೇಹಿತರ ಮನೆಗೆಂದು ಸಾಗರಕ್ಕೆ ಬಂದೆವು. ಅಡಿಕೆ ಕೊಯ್ಲಿನ ಕಾಲ. ಅಂಗಳದಲ್ಲಿ ಹೆಂಗಸರು ಸಾಲಾಗಿ ಕೂತು ಅಡಿಕೆ ಸುಲಿಯುತ್ತಿದ್ದರು. ಒಲೆಯ ಮೇಲೆ ಅಡಿಕೆ ಬೇಯುವ ವಾಸನೆ ಕೇರಿಗೆಲ್ಲ ಹರಡಿತ್ತು. ನಾಲ್ಕು ವರ್ಷದ ಮಗ ಬೆಳಿಗ್ಗೆ ಮನೆಯಿಂದ ಹೊರಬಿದ್ದರೆ ಊಟಕ್ಕೇ ಒಳಬರುತ್ತಿದ್ದ. ಮೂರನೇ ದಿನ ಹೆಗ್ಗೋಡಿನ ದಾರಿಯಲ್ಲಿ ಒಂದು ಹಂಚಿನ ಮನೆ ನೋಡಿದೆವು. ಬಾಡಿಗೆ ಒಂಬತ್ತು ಸಾವಿರ. ಬೆಂಗಳೂರಿನಲ್ಲಿ ಇಪ್ಪತ್ತನಾಲ್ಕು ಸಾವಿರ ಕೊಡುತ್ತಿದ್ದೆವು. ಅಡ್ವಾನ್ಸ್ ಕೊಡಲು ನಮ್ಮನೆಯವರು ಫೋನ್ ಕೈಗೆತ್ತಿಕೊಂಡೇಬಿಟ್ಟರು.

ಮನೆಯೊಡತಿ ತಡೆದರು. ಅರವತ್ತು ದಾಟಿದ ಹೆಂಗಸು. "ಚಳಿಗಾಲದಲ್ಲಿ ಬಂದವರಿಗೆಲ್ಲ ಈ ಊರು ಚಂದವೇ ಮಾರಾಯ್ರೆ. ಆಷಾಢದಲ್ಲಿ ಬಂದು ಹದಿನೈದು ದಿನ ಇದ್ದು ನೋಡಿ. ಆಮೇಲೆ ದುಡ್ಡು ಕೊಡಿ" ಅಂದರು. ಬಾಡಿಗೆದಾರರನ್ನು ಹೀಗೆ ವಾಪಸ್ ಕಳಿಸುವ ಮಾಲೀಕರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹೊರಡುವಾಗ ಜಗುಲಿಯಲ್ಲಿ ಕೂರಿಸಿ ಕಾಫಿ ಕೊಟ್ಟು ತಮ್ಮ ಕಥೆ ಹೇಳಿದರು. ಅವರದು ಮುಳುಗಡೆಯ ಕುಟುಂಬ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ನೀರು ನಿಂತಾಗ ಅವರಿಗೆ ಏಳೆಂಟು ವರ್ಷ. ಗದ್ದೆ, ತೋಟ, ದೇವರಬನ ಎಲ್ಲವೂ ನೀರಿನಡಿ ಹೋದವು. ಲಾರಿಯಲ್ಲಿ ಪಾತ್ರೆ, ದನದ ಹಗ್ಗ ತುಂಬಿಕೊಂಡು ಹೊರಟದ್ದು ಅವರಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿತ್ತು. "ನಮ್ಮನ್ನ ಯಾರೂ ಕೇಳಲಿಲ್ಲ. ನಿಮಗೆ ಆ ಅವಸರ ಇಲ್ಲವಲ್ಲ. ಮನೇಲಿ ಎಲ್ಲರನ್ನೂ ಕೇಳಿಕೊಂಡು ಬನ್ನಿ."

ಈ ಲೇಖನದಲ್ಲಿ ನಾನು ಹೇಳಬೇಕಾಗಿರುವುದೆಲ್ಲ ಆ ಮಾತಿನಲ್ಲೇ ಇದೆ. ಅದರ ಪೂರ್ತಿ ಅರ್ಥ ತಿಳಿಯಲು ನನಗೆ ಮೂರು ಮಳೆಗಾಲ ಬೇಕಾಯಿತು.

2021ರ ಜುಲೈನಲ್ಲಿ ಶಾಲೆಗಳು ಇನ್ನೂ ಆನ್‌ಲೈನ್‌ನಲ್ಲೇ ಇದ್ದವು. ಅದೇ ಮನೆಯಲ್ಲಿ ಒಂದು ತಿಂಗಳು ಇರಲು ಬಂದೆವು. ಡಿಸೆಂಬರಿನ ಸಾಗರ ಕಾಣಲೇ ಇಲ್ಲ. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದೆ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಹರವಬೇಕಾಯಿತು. ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯಿತು. ಗಾಳಿಗೆ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ಕರೆಂಟು ಹೋಗುತ್ತದೆ. ಸರಿಮಾಡಲು ಮಳೆಯಲ್ಲಿ ಕಂಬ ಹತ್ತುವವರ ಕಷ್ಟ ನೋಡಿದ ಮೇಲೆ ತಡವಾಯಿತೆಂದು ಗೊಣಗಲು ಮನಸ್ಸು ಬರಲಿಲ್ಲ. ಕರೆಂಟು ಹೋಗಿ ಕೆಲವು ಗಂಟೆಯಾದರೆ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿದು ಸಿಗ್ನಲ್ ಕೂಡ ಹೋಗುತ್ತದೆ. ಇದು ಬೆಂಗಳೂರಿನಲ್ಲಿ ಕೂತು ಯೋಚಿಸುವಾಗ ಹೊಳೆಯದ ಸಂಗತಿ.

ಆ ತಿಂಗಳು ನಾನೊಂದು ನೋಟ್‌ಬುಕ್ ಇಟ್ಟೆ. ಜುಲೈನ ಒಂದು ಮಂಗಳವಾರ. ಹಬ್ಬವಿಲ್ಲ, ರಜೆಯಿಲ್ಲ, ನೆಂಟರಿಲ್ಲ, ಬರೀ ಒಂದು ವಾರದ ದಿನ. ಮನೆಯ ಪ್ರತಿಯೊಬ್ಬರೂ ಬೆಳಿಗ್ಗೆಯಿಂದ ರಾತ್ರಿಯವರೆಗೆ ಎಲ್ಲಿದ್ದರು, ಏನು ಮಾಡಿದರು, ಯಾರ ಜೊತೆ ಮಾತಾಡಿದರು, ಯಾವುದಕ್ಕೆ ಇನ್ನೊಬ್ಬರನ್ನು ಕಾಯಬೇಕಾಯಿತು ಎಂದು ಒಬ್ಬೊಬ್ಬರಿಗೂ ಒಂದೊಂದು ಪುಟದಲ್ಲಿ ಬರೆದೆ. ಬರೆದು ಮುಗಿದಾಗ ಒಂದು ವಿಷಯ ಎದ್ದು ಕಂಡಿತು. ಕುಟುಂಬ ಒಂದೇ ಊರಿಗೆ ಹೋಗುವುದಿಲ್ಲ. ವಿಳಾಸ ಒಂದೇ ಆದರೂ ಒಬ್ಬೊಬ್ಬರು ಹೋಗುವುದು ಒಂದೊಂದು ಊರಿಗೆ.

ಮಗನ ಊರಿನಲ್ಲಿ ಕೆಸರು, ಉಂಬಳ, ಕಪ್ಪೆ, ಪಕ್ಕದ ಮನೆಯ ಮೂವರು ಹುಡುಗರು. ಅವನ ಪುಟದಲ್ಲಿ ಕಾಯುವ ಮಾತೇ ಇರಲಿಲ್ಲ. ಅತ್ತೆಯ ಊರಿನಲ್ಲಿ ಮಧ್ಯಾಹ್ನ ಬಂದು ಹರಟುವ ಮನೆಯೊಡತಿ, ಹೂವಿನ ಗಿಡ, ಜಾರುವ ಪಾಚಿಯ ಅಂಗಳ. ಜೊತೆಗೆ ಎಪ್ಪತ್ತು ಕಿಲೋಮೀಟರ್ ದೂರದ ಶಿವಮೊಗ್ಗದಲ್ಲಿ ಹೃದಯದ ಡಾಕ್ಟರು. ನಮ್ಮನೆಯವರ ಊರಿನಲ್ಲಿ ಇನ್ವರ್ಟರ್ ಮತ್ತು ಎರಡು ಬೇರೆ ಬೇರೆ ಇಂಟರ್ನೆಟ್ ಸಂಪರ್ಕ ಇಲ್ಲದೆ ಕೆಲಸ ಉಳಿಯುವುದಿಲ್ಲ. ಅವೆರಡೂ ಇದ್ದರೆ ಅವರ ದಿನ ಬೆಂಗಳೂರಿನದ್ದೇ, ಟ್ರಾಫಿಕ್ಕಿನ ಎರಡು ಗಂಟೆ ಕಳೆದದ್ದು ಮಾತ್ರ ಲಾಭ.

ಹನ್ನೆರಡು ವರ್ಷದ ಮಗಳ ಪುಟವೇ ಕಷ್ಟದ್ದು. ಆ ಮಂಗಳವಾರ ಅವಳು ಮನೆಯ ಹೊರಗಿನವರ ಜೊತೆ ಆಡಿದ ಮಾತು ಒಂದೂ ಇರಲಿಲ್ಲ. ಇಲ್ಲಿಗೆ ಬರುವುದು ಇಷ್ಟವೇ ಎಂದು ಕೇಳಿದೆ. "ನೀವೆಲ್ಲ ಆಗಲೇ ತೀರ್ಮಾನ ಮಾಡಿ ಆಗಿದೆಯಲ್ಲ" ಅಂದಳು. ಇನ್ನೂ ಆಗಿಲ್ಲ ಅಂದೆ. ಅವಳು ನಂಬಲಿಲ್ಲ. ಕೊನೆಗೆ ಎರಡು ಷರತ್ತು ಹಾಕಿದಳು. ಏಳನೇ ತರಗತಿ ಬೆಂಗಳೂರಿನಲ್ಲೇ ಮುಗಿಯಬೇಕು. ಹೊಸ ಶಾಲೆಯನ್ನು ಅವಳೇ ಒಳಹೋಗಿ, ಒಂದು ತರಗತಿಯಲ್ಲಿ ಕೂತು ನೋಡಬೇಕು. ಎರಡಕ್ಕೂ ಒಪ್ಪಿ ಒಂದು ವರ್ಷ ಕಾದೆವು. 2022ರ ಮೇ ತಿಂಗಳಲ್ಲಿ ಸಾಮಾನು ಹೇರಿದೆವು.

ಶಾಲೆ ಬದಲಿಸುವವರಿಗೆ ಒಂದು ಮಾತು. ಶುಲ್ಕ, ಕಟ್ಟಡ ನೋಡುವ ಮೊದಲು ಭಾಷೆಯ ಲೆಕ್ಕ ನೋಡಿ. ಮಗಳು ಬೆಂಗಳೂರಿನ ಸಿಬಿಎಸ್‌ಇ ಶಾಲೆಯಲ್ಲಿ ಕನ್ನಡವನ್ನು ಮೂರನೇ ಭಾಷೆಯಾಗಿ ಓದಿದವಳು. ಇಲ್ಲಿ ರಾಜ್ಯ ಪಠ್ಯಕ್ರಮಕ್ಕೆ ಬಂದಾಗ ಕನ್ನಡ ಪ್ರಥಮ ಭಾಷೆಯಾಯಿತು. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ. ಮನೆಯಲ್ಲಿ ಆಡುವ ಕನ್ನಡ ಬೇರೆ, ಹಳಗನ್ನಡ ಪದ್ಯಕ್ಕೆ ಸಾರಾಂಶ ಬರೆಯುವ ಕನ್ನಡ ಬೇರೆ. ಎಂಟನೇ ತರಗತಿಯ ಮೊದಲ ಆರು ತಿಂಗಳು ಅವಳು ಪುಸ್ತಕ ಮುಂದಿಟ್ಟುಕೊಂಡು ಅತ್ತದ್ದುಂಟು. ಶಾಲೆಯ ಒಬ್ಬ ಮೇಡಂ ಸಂಜೆ ಅರ್ಧ ಗಂಟೆ ಹೆಚ್ಚು ಕೂತು ಕಲಿಸಿದರು. ಮುಂದಿನ ವರ್ಷ ಹೆಗ್ಗೋಡಿನಲ್ಲಿ ನೀನಾಸಮ್‌ನ ಶಿವರಾಮ ಕಾರಂತ ರಂಗಮಂದಿರಕ್ಕೆ ಗೆಳತಿಯರ ಜೊತೆ ನಾಟಕ ನೋಡಲು ಹೋಗಿ ಬಂದಳು. ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1949ರಲ್ಲಿ ಒಂದು ಹಳ್ಳಿಯಲ್ಲಿ ಕಟ್ಟಿದ ಸಂಸ್ಥೆ ಅದು. ಮನೆಗೆ ಬಂದವಳು ಅರ್ಧರಾತ್ರಿಯವರೆಗೆ ಮಾತಾಡಿದಳು. ಅವಳ ಬಾಯಲ್ಲಿ 'ನಮ್ಮೂರು' ಅನ್ನುವ ಮಾತನ್ನು ಮೊದಲು ಕೇಳಿದ್ದು ಆವತ್ತು.

ನಾಲ್ಕು ಪುಟದ ಕಥೆ ಹೇಳಿದೆ. ಐದನೆಯದು ನನ್ನದು. ಅದನ್ನು ನಾನು ಬರೆದಿರಲೇ ಇಲ್ಲ.

ಎಲ್ಲರ ದಿನವನ್ನೂ ಗಂಟೆಗಂಟೆಗೆ ಬರೆದವಳು ನನ್ನ ದಿನ ಹೇಗಾದರೂ ಹೊಂದಿಕೊಳ್ಳುತ್ತದೆ ಎಂದು ಬಿಟ್ಟುಬಿಟ್ಟಿದ್ದೆ. ಬೆಂಗಳೂರಿನಲ್ಲಿ ಒಬ್ಬ ಆಡಿಟರ ಕಚೇರಿಯಲ್ಲಿ ಹನ್ನೊಂದು ವರ್ಷ ಲೆಕ್ಕ ನೋಡಿದ್ದೆ. ಕಚೇರಿ ತೆರೆದ ಮೇಲೆ ಮನೆಯಿಂದ ಕೆಲಸ ಮಾಡಲು ಅಲ್ಲಿ ಅವಕಾಶವಿರಲಿಲ್ಲ. ಕೆಲಸ ಬಿಟ್ಟೆ. ಸಾಗರಕ್ಕೆ ಬಂದ ಮೊದಲ ಮಳೆಗಾಲ ಸೌದೆ ಒಣಗಿಸುವುದು, ಬಟ್ಟೆ ಒಣಗಿಸುವುದು, ಅತ್ತೆಯ ಮಾತ್ರೆ, ಮಗನ ಕೆಸರು, ಇಷ್ಟರಲ್ಲೇ ಮುಗಿಯಿತು. ತಿಂಗಳ ಕೊನೆಗೆ ನನ್ನ ಖಾತೆಗೆ ಏನೂ ಬರುತ್ತಿರಲಿಲ್ಲ. ಊರಿನವರು ನನ್ನನ್ನು ಮಕ್ಕಳ ಅಮ್ಮ, ಅವರ ಹೆಂಡತಿ ಎಂದೇ ಗುರುತಿಸುತ್ತಿದ್ದರು. ಎಲ್ಲರೂ ಪ್ರೀತಿಯಿಂದಲೇ ಇದ್ದರು. ಆದರೂ ಒಂದು ಸಂಜೆ ಬಚ್ಚಲೊಲೆಯ ಮುಂದೆ ಕೂತವಳಿಗೆ ಅಳು ತಡೆಯಲಾಗಲಿಲ್ಲ. ನಮ್ಮನೆಯವರು ಏನಾಯಿತೆಂದು ಕೇಳಿದರು. "ನನ್ನ ಪುಟ ಖಾಲಿ ಇದೆ" ಅಂದೆ.

ಆ ರಾತ್ರಿ ಇಬ್ಬರೂ ಕೂತು ಅದನ್ನು ಬರೆದೆವು. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಮನೆಯ ಯಾವ ಕೆಲಸಕ್ಕೂ ನನ್ನನ್ನು ಕರೆಯಬಾರದು. ಅತ್ತೆಯ ಡಾಕ್ಟರು, ಮಾತ್ರೆ ಅವರ ಮಗನ ಜವಾಬ್ದಾರಿ. ಪೇಟೆಯ ಒಂದು ಅಂಗಡಿಯ ಲೆಕ್ಕ ಮೊದಲು ಸಿಕ್ಕಿತು, ಆಮೇಲೆ ಒಂದು ಅಡಿಕೆ ಮಂಡಿಯದು. ಅಡಿಕೆಗೆ ಶೇ 5ರ ಜಿಎಸ್‌ಟಿ, ಪ್ರತಿ ತಿಂಗಳ ರಿಟರ್ನು, ಕೊಳ್ಳುವವರ ಬಿಲ್ಲು, ಇವೆಲ್ಲ ನನಗೆ ಗೊತ್ತಿದ್ದ ಕೆಲಸವೇ. ಈಗ ಒಂಬತ್ತು ಕಡೆಯ ಲೆಕ್ಕ ನನ್ನ ಕೈಯಲ್ಲಿದೆ. ಬೆಂಗಳೂರಿನ ಸಂಬಳದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬರುತ್ತದೆ. ಅದಕ್ಕೆ ಎರಡು ವರ್ಷ ಹಿಡಿಯಿತು. ಸಣ್ಣ ಊರಿನಲ್ಲಿ ಕೆಲಸ ಜಾಹೀರಾತಿನಿಂದ ಸಿಗುವುದಿಲ್ಲ. ಒಬ್ಬರ ಲೆಕ್ಕವನ್ನು ಗುಟ್ಟಾಗಿ, ಸರಿಯಾಗಿ ಮಾಡಿಕೊಟ್ಟರೆ ಅವರ ಭಾವನೋ ಷಡ್ಡಕನೋ ಬರುತ್ತಾರೆ. ಆ ಎರಡು ವರ್ಷಕ್ಕೆ ಬೇಕಾದ ಉಳಿತಾಯ ಮೊದಲೇ ಕೈಯಲ್ಲಿರಬೇಕು. ಬಾಡಿಗೆಯಲ್ಲಿ ಉಳಿಯುವ ಹಣವನ್ನು ನಂಬಬೇಡಿ. ಇನ್ವರ್ಟರ್, ಎರಡನೇ ಇಂಟರ್ನೆಟ್, ಹಳೆಯ ಕಾರು, ಶಿವಮೊಗ್ಗದ ಓಡಾಟ ಸೇರಿ ಮೊದಲ ವರ್ಷ ಅದನ್ನು ಪೂರ್ತಿ ತಿಂದವು.

ಹಣದ ಮಾತು ಬಂದಾಗ ಜಮೀನಿನದೂ ಹೇಳಬೇಕು. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ 79ಎ, 79ಬಿ ಕಲಮುಗಳು ಹೋದ ಮೇಲೆ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಒಂದೆಕರೆ ತೋಟ ತೆಗೆದುಕೊಳ್ಳಿ ಎಂದು ನಮಗೆ ಬಂದ ಮೊದಲ ತಿಂಗಳಿಂದಲೇ ಹೇಳುವವರಿದ್ದರು. ಕೊಳ್ಳಲಿಲ್ಲ, ಅದು ಒಳ್ಳೆಯದೇ ಆಯಿತು. ಮಲೆನಾಡಿನಲ್ಲಿ ಪಹಣಿಯಲ್ಲಿ ಹೆಸರು ನೋಡಿದರೆ ಮುಗಿಯಲಿಲ್ಲ. ಪೋಡಿಯಾಗಿದೆಯೇ, ಅರಣ್ಯದ ಗಡಿ ಎಲ್ಲಿದೆ ಎಂದು ಕೇಳಬೇಕು. ತೋಟದ ಜೊತೆ ತೋರಿಸುವ ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು, ದರಕು ತರುವ ಹಕ್ಕಿರುತ್ತದೆ, ಒಡೆತನ ಇರುವುದಿಲ್ಲ. ನಮ್ಮ ಮನೆಯೊಡತಿಯಂಥ ಮುಳುಗಡೆಯ ಎಷ್ಟೋ ಕುಟುಂಬಗಳು ಆರು ದಶಕದ ನಂತರವೂ ತಾವು ಉಳುತ್ತಿರುವ ನೆಲದ ಹಕ್ಕುಪತ್ರಕ್ಕೆ ಓಡಾಡುತ್ತಿವೆ. ತೋಟ ಸಾಕುವುದೂ ಬಿಡುವಿನ ವೇಳೆಯ ಕೆಲಸವಲ್ಲ. ಮಳೆ ಬಿಟ್ಟ ಗಳಿಗೆ ಹಿಡಿದು ಕೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಸದಿದ್ದರೆ ಕೊಳೆ ರೋಗ. ಈಚೆಗೆ ಎಲೆಚುಕ್ಕಿಯೂ ಸೇರಿಕೊಂಡಿದೆ. ಒಂದು ತೋಟದ ಇಡೀ ವರ್ಷವನ್ನು ಪಕ್ಕದಲ್ಲಿ ನಿಂತು ನೋಡಿದ ಮೇಲೆ ಮಾತ್ರ ಆ ಯೋಚನೆ ಮಾಡಿ.

ಕಾಡಿನ ಅಂಚಿಗೆ ಮಕ್ಕಳನ್ನು ಕರೆತರುವವರು ಮಂಗನ ಕಾಯಿಲೆಯನ್ನೂ ತಿಳಿದಿರಬೇಕು. 1957ರಲ್ಲಿ ಅದು ಮೊದಲು ಪತ್ತೆಯಾದದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಅದರಿಂದ ಬಹಳ ನೊಂದರು. ಉಣುಗು ಕಚ್ಚಿ ಬರುವ ಜ್ವರ ಅದು. ಮಳೆಗಾಲ ಮುಗಿದು ಬೇಸಿಗೆಯವರೆಗೆ, ಅಂದರೆ ಬೇರೆ ಊರಿನವರು ಮಲೆನಾಡು ಚಂದ ಎಂದು ನೋಡಲು ಬರುವ ತಿಂಗಳುಗಳಲ್ಲೇ, ಹೆಚ್ಚು. ಕಾಡಿಗೆ ಹೋಗುವಾಗ ಮೈಗೆ ಎಣ್ಣೆ ಹಚ್ಚಿಕೊಳ್ಳುವುದು, ಬಂದ ಕೂಡಲೇ ಬಿಸಿನೀರಿನ ಸ್ನಾನ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸುವುದು, ಇದನ್ನೆಲ್ಲ ಮಗನಿಗೆ ಕಲಿಸಿದ್ದು ನೆರೆಮನೆಯ ಹುಡುಗರೇ.

2023ರ ಜುಲೈನಲ್ಲಿ ಒಂದು ರಾತ್ರಿ ಹನ್ನೊಂದಕ್ಕೆ ಅತ್ತೆಗೆ ಎದೆನೋವು ಬಂತು. ಊರಿನ ಆಸ್ಪತ್ರೆಯಲ್ಲಿ ಇಸಿಜಿ ಮಾಡಿ, ಮೊದಲ ಔಷಧಿ ಕೊಟ್ಟು ಶಿವಮೊಗ್ಗಕ್ಕೆ ಕಳಿಸಿದರು. ಸುರಿವ ಮಳೆಯಲ್ಲಿ ಆಂಬ್ಯುಲೆನ್ಸ್ ತಲುಪಲು ಎರಡು ಗಂಟೆ. ಸ್ಟೆಂಟ್ ಹಾಕಿದರು, ಉಳಿದರು. ಆ ಎರಡು ಗಂಟೆಯಲ್ಲಿ ನಮ್ಮನೆಯವರು ಒಂದು ಮಾತೂ ಆಡಲಿಲ್ಲ. ಅವರ ಮನಸ್ಸಿನಲ್ಲಿದ್ದದ್ದು ನನಗೆ ಗೊತ್ತಿತ್ತು. ನನ್ನ ಮನಸ್ಸಿನಲ್ಲೂ ಅದೇ ಇತ್ತು. ವಯಸ್ಸಾದವರನ್ನು ಕರೆತರುವವರು ಈ ರಾತ್ರಿಯನ್ನು ಮೊದಲೇ ಊಹಿಸಿಕೊಳ್ಳಬೇಕು. ಯಾವ ಆಸ್ಪತ್ರೆ, ಯಾವ ವಾಹನ, ಹಳೆಯ ವರದಿಗಳ ಫೈಲು ಎಲ್ಲಿದೆ ಎಂಬುದು ಬಾಗಿಲ ಹಿಂದೆ ಬರೆದಿರಬೇಕು. ನಮ್ಮಲ್ಲಿ ಬರೆದಿತ್ತು. ಅದರಿಂದ ಉಳಿದ ಇಪ್ಪತ್ತು ನಿಮಿಷ ದೊಡ್ಡದು ಎಂದು ಶಿವಮೊಗ್ಗದ ಡಾಕ್ಟರು ಹೇಳಿದರು.

ಮನೆಗೆ ಬಂದ ಮೇಲೆ ಅತ್ತೆಯನ್ನು ಕೇಳಿದೆ, ಬೆಂಗಳೂರಿಗೆ ವಾಪಸ್ ಹೋಗೋಣವೇ ಎಂದು. "ಹೆದರಿಕೆ ಆಯ್ತಮ್ಮ, ಸುಳ್ಳು ಯಾಕೆ ಹೇಳಲಿ. ಆದ್ರೆ ಅಲ್ಲಿ ನಾನು ಯಾರ ಜೊತೆ ಮಾತಾಡ್ಲಿ? ಮಳೆಗಾಲ ಕಳೆಯೋವರೆಗೆ ಮೈಸೂರಲ್ಲಿ ಮಗಳ ಮನೇಲಿ ಇರ್ತೀನಿ. ಆಮೇಲೆ ಬರ್ತೀನಿ" ಅಂದರು. ನಾವು ಇರುವುದೋ ಹೋಗುವುದೋ ಎಂಬ ಎರಡೇ ದಾರಿ ನೋಡುತ್ತಿದ್ದಾಗ ಮೂರನೆಯದನ್ನು ಅವರು ತೋರಿಸಿದರು. ಈಗ ಪ್ರತಿ ಜೂನ್‌ನಲ್ಲಿ ತಾಳಗುಪ್ಪ–ಮೈಸೂರು ರಾತ್ರಿ ರೈಲಿಗೆ ಅವರನ್ನು ನಮ್ಮನೆಯವರು ಕರೆದೊಯ್ಯುತ್ತಾರೆ. ಅಕ್ಟೋಬರಿನಲ್ಲಿ ಅದೇ ರೈಲಿಗೆ ಬಂದಿಳಿಯುತ್ತಾರೆ. ಮನೆಯೊಡತಿ ಅವರಿಗಾಗಿ ಸೇವಂತಿಗೆ ಸಸಿ ಎತ್ತಿಟ್ಟಿರುತ್ತಾರೆ.

ಹಾಗಾದರೆ ಬರಬೇಕೋ ಬೇಡವೋ? ಕೇಳಿದವರಿಗೆಲ್ಲ ನಾನು ಹೇಳುವುದು ಇಷ್ಟೇ. ಕಷ್ಟದ ತಿಂಗಳಲ್ಲಿ ಬಂದು ಇರಿ. ಒಂದು ಸಾಮಾನ್ಯ ಮಂಗಳವಾರವನ್ನು ಎಲ್ಲರ ಹೆಸರಿನಲ್ಲೂ ಬರೆಯಿರಿ, ನಿಮ್ಮದನ್ನೂ ಸೇರಿಸಿ. ಯಾರ ಪುಟ ತೀರಾ ಖಾಲಿಯಾಗುತ್ತದೋ ಅವರಿಗೆ ಏನು ಮಾಡಬಹುದು ಎಂದು ತಿಳಿಯುವವರೆಗೆ ಹೊರಡಬೇಡಿ. ಎಂದೋ ಒಪ್ಪಿದ್ದರು ಎಂದು ಸುಮ್ಮನಿರಬೇಡಿ. ಪುಟಗಳು ಬದಲಾಗುತ್ತವೆ, ವರ್ಷಕ್ಕೊಮ್ಮೆ ಮತ್ತೆ ಕೇಳಿ. ನಾವು ಯುಗಾದಿಯ ಸಂಜೆ ಆ ನೋಟ್‌ಬುಕ್ ತೆಗೆಯುತ್ತೇವೆ.

2025ರಲ್ಲಿ ಮಗಳು ಎಸ್‌ಎಸ್‌ಎಲ್‌ಸಿ ಬರೆದಳು. ಆ ಯುಗಾದಿಯಂದು ಅವಳ ಪುಟಕ್ಕೆ ಪೆನ್ನು ತೆರೆದಾಗ ನನ್ನ ಕೈಯಿಂದ ನೋಟ್‌ಬುಕ್ ತೆಗೆದುಕೊಂಡಳು. "ಇದನ್ನ ನಾನು ಬರೀತೀನಮ್ಮ." ಪಿಯುಸಿಗೆ ಶಿವಮೊಗ್ಗ, ಹಾಸ್ಟೆಲು. ಐದೂಮುಕ್ಕಾಲಿಗೆ ಏಳುವುದು, ತಿಂಡಿ, ಕಾಲೇಜು, ಸಂಜೆ ಲೈಬ್ರರಿ, ಎಲ್ಲವನ್ನೂ ಗಂಟೆ ಹಾಕಿ ಬರೆದಿದ್ದಳು, ಥೇಟ್ ನನ್ನಂತೆಯೇ. ಕೊನೆಯ ಸಾಲು ರಾತ್ರಿ ಒಂಬತ್ತರದ್ದು: ಅಮ್ಮನಿಗೆ ಫೋನ್, ಸಾಗರದಲ್ಲಿ ಸಿಗ್ನಲ್ ಇದ್ದರೆ, ಇಲ್ಲದಿದ್ದರೆ ಬೆಳಿಗ್ಗೆ.