ಹಾಡು, ಕಾನೂನು ಮತ್ತು ಮುಪ್ಪು: ‘ಕೋರ್ಟ್’ ಚಿತ್ರದ ಶಾಹಿರ

ರಾಜಕೀಯ ರೋಮಾಂಚಕ ಚಿತ್ರಗಳಲ್ಲಿ ಮುಪ್ಪಡರಿದ ಕ್ರಾಂತಿಕಾರಿ ಸಾಮಾನ್ಯವಾಗಿ ತಲೆಮರೆಸಿಕೊಂಡವನು. ರಾಬರ್ಟ್ ರೆಡ್‌ಫೋರ್ಡ್ ನಿರ್ದೇಶಿಸಿ ಅಭಿನಯಿಸಿದ ‘ದಿ ಕಂಪನಿ ಯು ಕೀಪ್’ (2012) ಚಿತ್ರದಲ್ಲಿ ದಶಕಗಳ ಹಿಂದಿನ ಅಪರಾಧವೊಂದು, ಹೆಸರು ಬದಲಿಸಿಕೊಂಡು ಬಾಳುತ್ತಿದ್ದ ವಕೀಲನನ್ನು ಬೆನ್ನಟ್ಟುತ್ತದೆ. ಚೈತನ್ಯ ತಾಮ್ಹಣೆಯವರ ‘ಕೋರ್ಟ್’ (2014) ಈ ಮಾದರಿಯನ್ನು ತಿರುವುಮುರುವು ಮಾಡುತ್ತದೆ. ಇದರ ನಾಯಕ ನಾರಾಯಣ ಕಾಂಬಳೆ ಅಡಗಿಕೊಂಡವನಲ್ಲ. ಮುಂಬಯಿಯ ಬೀದಿಯಲ್ಲಿ, ಎಲ್ಲರೆದುರು ಹಾಡುವ ವೃದ್ಧ ಶಾಹಿರ.

ಆತನ ಮೇಲಿನ ಆರೋಪ ವಿಚಿತ್ರವಾದುದು. ಮ್ಯಾನ್‌ಹೋಲಿನಲ್ಲಿ ಸತ್ತ ಪೌರಕಾರ್ಮಿಕನೊಬ್ಬನು ಆತನ ಹಾಡು ಕೇಳಿ ಆತ್ಮಹತ್ಯೆ ಮಾಡಿಕೊಂಡನೆಂಬುದು ಪೊಲೀಸರ ವಾದ. ಆದರೆ ಕಾರ್ಮಿಕನ ವಿಧವೆಯ ಸಾಕ್ಷ್ಯ ಬೇರೆಯದನ್ನೇ ಹೇಳುತ್ತದೆ: ಅವನಿಗೆ ರಕ್ಷಣಾ ಸಾಧನಗಳಿರಲಿಲ್ಲ, ದುರ್ನಾತ ತಾಳಲು ಕುಡಿಯುತ್ತಿದ್ದನು, ಗುಂಡಿಯಲ್ಲಿ ಉಸಿರಾಡಲು ಗಾಳಿಯಿದೆಯೇ ಎಂಬುದನ್ನು ಜಿರಳೆಗಳಿಂದ ತಿಳಿಯುತ್ತಿದ್ದನು. ಹಾಡಿನ ಮೇಲಿನ ಆರೋಪವು ನೈಜ ಹೊಣೆಗಾರರನ್ನು ಮರೆಮಾಡುತ್ತದೆ. ಸರಕಾರಿ ವಕೀಲೆ ಆಧಾರವಾಗಿ ಎತ್ತುವ ಕಾನೂನುಗಳಲ್ಲಿ ವಸಾಹತುಕಾಲದ 1876ರ ನಾಟಕ ಪ್ರದರ್ಶನ ಅಧಿನಿಯಮವೂ ಒಂದು.

ಕಾಂಬಳೆಯ ಪಾತ್ರ ವಹಿಸಿದ ವೀರಾ ಸಾಥಿದಾರ್ ವೃತ್ತಿನಟರಲ್ಲ. ನಾಗಪುರದ ಅಂಬೇಡ್ಕರ್‌ವಾದಿ ಕಾರ್ಯಕರ್ತರು, ‘ವಿದ್ರೋಹಿ’ ಪತ್ರಿಕೆಯ ಸಂಪಾದಕರು. 1956ರ ಅಕ್ಟೋಬರ್ 14ರಂದು ಅಂಬೇಡ್ಕರರು ಬೌದ್ಧದೀಕ್ಷೆ ಪಡೆದ ನಗರ ನಾಗಪುರ. ಆ ಪರಂಪರೆಯ ವ್ಯಕ್ತಿಯೇ ಪಾತ್ರಧಾರಿಯಾದುದರಿಂದ ಕಾಂಬಳೆಯ ದಣಿವಿನಲ್ಲಿ ಅಭಿನಯದ ಸೋಂಕಿಲ್ಲ. ಸಾಥಿದಾರ್ 2021ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ನಿಧನರಾದರು.

ಈ ಚಿತ್ರದಲ್ಲಿ ಬೆನ್ನಟ್ಟುವಿಕೆಯಿಲ್ಲ, ವಾಯಿದೆಗಳಿವೆ. ಪ್ರತಿ ವಾಯಿದೆಯೂ ವೃದ್ಧನ ಆಯುಷ್ಯದಿಂದ ಕಳೆದ ದಿನಗಳೇ. ಜಾಮೀನಿನ ಮೇಲೆ ಹೊರಬಂದವನನ್ನು ಮುದ್ರಣಾಲಯದಲ್ಲಿ ಮತ್ತೆ ಬಂಧಿಸಲಾಗುತ್ತದೆ. ಈ ಬಾರಿ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯಿದೆಯ ಅಡಿಯಲ್ಲಿ. ಬೇಸಗೆ ರಜೆಗೆಂದು ನ್ಯಾಯಾಲಯದ ದೀಪಗಳು ಆರುತ್ತವೆ, ಆತ ಸೆರೆಯಲ್ಲೇ ಉಳಿಯುತ್ತಾನೆ. ತೀರ್ಪು ಬರುವ ಮೊದಲೇ ಶಿಕ್ಷೆ ನಡೆದಿರುತ್ತದೆ ಎಂಬುದೇ ಚಿತ್ರದ ಒಳದನಿ. ರಾಷ್ಟ್ರಮಟ್ಟದಲ್ಲಿ ಅತ್ಯುತ್ತಮ ಕಥಾಚಿತ್ರ ಪ್ರಶಸ್ತಿ ಪಡೆದ ಕೃತಿಯಿದು.

ಸಾಹಿತ್ಯದ ವಿದ್ಯಾರ್ಥಿಗೆ ಇಲ್ಲಿ ಮುಖ್ಯವಾದ ಪ್ರಶ್ನೆಯೊಂದಿದೆ. ಹಾಡನ್ನು ಓದುವ ಬಗೆ ಯಾವುದು? ಕನ್ನಡದಲ್ಲಿಯೂ ಎಪ್ಪತ್ತರ ದಶಕದ ದಲಿತ-ಬಂಡಾಯ ಹಾಡುಗಳು ಸಭೆ, ಜಾಥಾಗಳಲ್ಲಿ ಬೆಳೆದು ಅನಂತರ ತರಗತಿಯನ್ನು ಪ್ರವೇಶಿಸಿದವು. ನ್ಯಾಯಾಲಯ ಹಾಡನ್ನು ಸಾಕ್ಷ್ಯವಾಗಿ ಓದುತ್ತದೆ, ತರಗತಿ ಪಠ್ಯವಾಗಿ ಓದುತ್ತದೆ. ಹಾಡಿದವನ ಕೊರಳು, ಕೇಳಿದವರ ಬದುಕು ಎರಡೂ ಕಡೆ ಬಿಟ್ಟುಹೋಗುವ ಅಪಾಯವಿದೆ. ಆ ಕೊರಳನ್ನು ಕೇಳಿಸಿಕೊಳ್ಳುವ ಹೊಣೆಯನ್ನು ‘ಕೋರ್ಟ್’ ವಿಮರ್ಶೆಗೂ ವಹಿಸುತ್ತದೆ.