ದೂರದ ದಾರಿಗೆ ಎಷ್ಟು ತಾಸು?

ಸವದತ್ತಿ ಸೀಮೆಯ ಚಚಡಿ ನಮ್ಮ ಊರು. ದೇಸಾಯರ ವಾಡೆಯಿಂದಾಗಿ ಆ ಹೆಸರನ್ನು ಕೇಳಿದವರು ಕೆಲವರಾದರೂ ಇರಬಹುದು. ಬಾಲ್ಯದಲ್ಲಿ ನಾನು ಅಜ್ಜನನ್ನು, “ಎಲ್ಲಮ್ಮನ ಗುಡ್ಡ ಎಷ್ಟು ದೂರ?” ಎಂದು ಕೇಳಿದರೆ ಅವರು ಮೈಲಿಯ ಮಾತನ್ನೇ ಎತ್ತುತ್ತಿರಲಿಲ್ಲ. “ಮುಂಜಾನೆ ಗಾಡಿ ಹೂಡಿದರ ಹೊತ್ತು ಮುಳುಗೂದರಾಗ ಮುಟ್ಟತೀವಿ. ಎತ್ತು ದಣದಿದ್ದರ ಹಾದ್ಯಾಗ ಒಂದು ವಸ್ತಿ” ಎನ್ನುತ್ತಿದ್ದರು. ಶಾಲೆಯಲ್ಲಿ ಕಿಲೋಮೀಟರು ಕಲಿತಿದ್ದ ನನಗೆ ಇದು ಅಜ್ಞಾನದ ಮಾತೆಂದು ತೋರುತ್ತಿತ್ತು. ಭೌತಶಾಸ್ತ್ರವನ್ನು ಕಲಿಸುವ ವೃತ್ತಿಗೆ ಬಂದ ಮೇಲೆಯೇ ಆ ಉತ್ತರದ ಬೆಲೆ ತಿಳಿದುದು. ಪಯಣಿಗನಿಗೆ ಬೇಕಾದುದು ದೂರವಲ್ಲ, ಕಾಲ. ಅಜ್ಜ ಕಾಲವನ್ನೇ ಹೇಳುತ್ತಿದ್ದರು. ಅಷ್ಟೇ ಅಲ್ಲ, ಆ ಅಂದಾಜು ಎಷ್ಟರಮಟ್ಟಿಗೆ ತಪ್ಪಬಹುದು ಎಂಬುದನ್ನೂ ಅದರ ಬೆನ್ನಿಗೇ ಸೇರಿಸುತ್ತಿದ್ದರು.

ಈ ತಿಳಿವು ನನಗೆ ಅಗ್ಗವಾಗಿ ದೊರೆಯಲಿಲ್ಲ. ಕೆಲವು ವರ್ಷಗಳ ಹಿಂದೆ ಡಿಸೆಂಬರಿನಲ್ಲಿ ನನ್ನ ತಂಗಿಯ ನಿಶ್ಚಯ ಚಚಡಿಯ ಮನೆಯಲ್ಲಿ ಗೋಧೂಳಿಯ ಹೊತ್ತಿಗೆ ಗೊತ್ತಾಗಿತ್ತು. ಸೀರೆ, ಉಂಗುರಗಳು ನನ್ನ ಕಾರಿನಲ್ಲಿದ್ದವು. ಬೆಂಗಳೂರಿನಿಂದ ದೂರ ಸುಮಾರು 510 ಕಿಲೋಮೀಟರು. ಹೆದ್ದಾರಿಯಲ್ಲಿ ತಾಸಿಗೆ 80ರಂತೆ ಹೋಗಬಹುದು. ಭಾಗಿಸಿದರೆ 6 ತಾಸು 22 ನಿಮಿಷ. ಮುಂಜಾನೆ 8ಕ್ಕೆ ಹೊರಟರೆ ಎರಡೂವರೆಗೆ ಮನೆಯಲ್ಲಿರುತ್ತೇನೆ ಎಂದು ತಂದೆಗೆ ತಿಳಿಸಿದೆ. ನಾನು ಮನೆ ಮುಟ್ಟಿದಾಗ ರಾತ್ರಿ 7 ಗಂಟೆ. ಗೋಧೂಳಿ ಕಳೆದು ಹೋಗಿತ್ತು. ಬೀಗರು ಪಡಸಾಲೆಯಲ್ಲಿ ಮಾತಿಲ್ಲದೆ ಕುಳಿತಿದ್ದರು. “ಲೆಕ್ಕದ ಮಾಸ್ತರ, ಇದು ಎಷ್ಟ ತಾಸಿನ ಲೆಕ್ಕ?” ಎಂದು ಅಪ್ಪ ಕೇಳಿದ ಪ್ರಶ್ನೆಗೆ ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಬೈಲಹೊಂಗಲ ದಾಟಿದ ಮೇಲೆ ಕತ್ತಲಲ್ಲಿ ನಡೆದ ಇನ್ನೊಂದು ಸಂಗತಿಯನ್ನು ನಾನು ಮನೆಯಲ್ಲಿ ಹೇಳಲೇ ಇಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಲೆಕ್ಕದ ತಪ್ಪನ್ನು ನೋಡೋಣ. ಕಾಲವೆಂದರೆ ದೂರವನ್ನು ವೇಗದಿಂದ ಭಾಗಿಸಿದ್ದು. ಇದು ಎಲ್ಲರೂ ಬಲ್ಲ ಸೂತ್ರ. ಆದರೆ ಇಲ್ಲಿ ಬರುವ ವೇಗವು ಸರಾಸರಿ ವೇಗವೇ ಹೊರತು ವೇಗಮಾಪಕದ ಮುಳ್ಳು ಆಗಾಗ ತೋರಿಸುವ ಹಿತವಾದ ಅಂಕೆಯಲ್ಲ. ಸರಾಸರಿ ವೇಗವನ್ನು ಕಂಡುಹಿಡಿಯುವಲ್ಲಿಯೂ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವ ಒಂದು ಸ್ಥಳವಿದೆ. 60 ಕಿಲೋಮೀಟರಿನ ದಾರಿಯನ್ನು ಹೋಗುವಾಗ ತಾಸಿಗೆ 40ರಂತೆಯೂ ಬರುವಾಗ 80ರಂತೆಯೂ ಕ್ರಮಿಸಿದರೆ ಸರಾಸರಿ ಎಷ್ಟು? ತರಗತಿಯಲ್ಲಿ ಹತ್ತರಲ್ಲಿ ಎಂಟು ಮಂದಿ 60 ಎನ್ನುತ್ತಾರೆ. ಹೋಗಲು ಒಂದೂವರೆ ತಾಸು, ಬರಲು ಮುಕ್ಕಾಲು ತಾಸು. ಒಟ್ಟು 120 ಕಿಲೋಮೀಟರಿಗೆ ಎರಡೂಕಾಲು ತಾಸು. ಆದುದರಿಂದ ಸರಾಸರಿ 53.3 ಮಾತ್ರ. ದೂರಗಳು ಸಮನಾಗಿರುವಾಗ ಬೇಕಾದುದು ಸಮಾಂತರ ಮಾಧ್ಯವಲ್ಲ, ಹರಾತ್ಮಕ ಮಾಧ್ಯ. ಕಾರಣವು ಸರಳ: ನಿಧಾನವಾಗಿ ಚಲಿಸುವಾಗ ನಾವು ಹೆಚ್ಚು ಹೊತ್ತು ಚಲಿಸುತ್ತಿರುತ್ತೇವೆ, ಹೀಗಾಗಿ ಸರಾಸರಿಯಲ್ಲಿ ನಿಧಾನಕ್ಕೆ ತೂಕ ಹೆಚ್ಚು.

ಇದೇ ಲೆಕ್ಕದ ಇನ್ನೊಂದು ಮುಖ ಮತ್ತಷ್ಟು ಕಠೋರವಾದುದು. 60 ಕಿಲೋಮೀಟರಿನ ದಾರಿಯನ್ನು ತಾಸಿಗೆ 60ರ ಸರಾಸರಿಯಲ್ಲಿ ಮುಗಿಸಬೇಕೆಂದಿರುವವನು ಮೊದಲ 30 ಕಿಲೋಮೀಟರನ್ನು 30ರ ವೇಗದಲ್ಲಿ ಕಳೆದನೆನ್ನಿ. ಅವನ ಒಂದು ತಾಸು ಅಲ್ಲಿಗೇ ಮುಗಿಯಿತು. ಉಳಿದ ದಾರಿಯನ್ನು ಬೆಳಕಿನ ವೇಗದಲ್ಲಿ ಓಡಿದರೂ ಅವನು ತಡವಾದವನೇ. ‘ಮುಂದೆ ಒಳ್ಳೆಯ ರಸ್ತೆ ಇದೆ, ಸರಿದೂಗಿಸುತ್ತೇನೆ’ ಎನ್ನುವ ಚಾಲಕರಿಗೆ ಈ ಉದಾಹರಣೆಯನ್ನು ಹೇಳುವುದು ನನ್ನ ಅಭ್ಯಾಸ. ಅವರು ಒಪ್ಪುವುದು ವಿರಳ.

ಹಾಗಾದರೆ ಸರಿಯಾಗಿ ಅಂದಾಜು ಮಾಡುವುದು ಹೇಗೆ? ದಾರಿಯನ್ನು ಗುಣಕ್ಕೆ ತಕ್ಕಂತೆ ತುಂಡರಿಸಿ ಒಂದೊಂದಕ್ಕೂ ಬೇರೆ ಬೇರೆ ಕಾಲವನ್ನು ಕಟ್ಟಬೇಕು. ನನ್ನ ದಾರಿಯಲ್ಲಿ ಮೂರು ತುಂಡುಗಳಿವೆ. ಬೆಂಗಳೂರಿನ ದಕ್ಷಿಣ ಭಾಗದಿಂದ ನೆಲಮಂಗಲದವರೆಗೆ ಊರೊಳಗಿನ ಸುಮಾರು 30 ಕಿಲೋಮೀಟರು. ಅಲ್ಲಿಂದ ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಧಾರವಾಡಗಳ ಮಗ್ಗುಲಲ್ಲಿ ಹಾಯ್ದು ಕಿತ್ತೂರಿನವರೆಗೆ ಹೆದ್ದಾರಿ, ಸುಮಾರು 430. ಹಿಂದೆ 4 ಎಂಬ ಸಂಖ್ಯೆಯಿಂದ ಪ್ರಸಿದ್ಧವಾಗಿದ್ದ, ಈಗ 48 ಎನಿಸಿರುವ ರಾಷ್ಟ್ರೀಯ ಹೆದ್ದಾರಿಯಿದು. ಕಿತ್ತೂರಿನಲ್ಲಿ ಹೆದ್ದಾರಿಯನ್ನು ಬಿಟ್ಟು, ಬೈಲಹೊಂಗಲದ ಮೇಲೆ ಊರಿಗೆ ಹೋಗುವ ಒಳದಾರಿಯನ್ನು ಲೆಕ್ಕಕ್ಕಾಗಿ 50 ಎಂದು ಹಿಡಿಯೋಣ. (1824ರಲ್ಲಿ ಕಂಪನಿಯ ಸೈನ್ಯವನ್ನು ಎದುರಿಸಿದ ರಾಣಿ ಚೆನ್ನಮ್ಮನ ಸಮಾಧಿ ಬೈಲಹೊಂಗಲದಲ್ಲಿದೆ. ತಡವಾಗಿದ್ದರೂ ಅಲ್ಲಿ ಐದು ನಿಮಿಷ ನಿಲ್ಲುವವರನ್ನು ನಾನು ಆಕ್ಷೇಪಿಸಲಾರೆ.)

ಊರೊಳಗೆ ತಾಸಿಗೆ 25ರಂತೆ 1 ತಾಸು 12 ನಿಮಿಷ. ಚತುಷ್ಪಥ ಹೆದ್ದಾರಿಯಲ್ಲಿ ಕಾರಿಗೆ 100ರವರೆಗೆ ವೇಗ ಮಿತಿಯಿದೆಯೆಂಬುದು ನಿಜ. ಆದರೆ ಸುಂಕದ ಕಟ್ಟೆ, ದುರಸ್ತಿಯ ಬಳಸುದಾರಿ, ಎರಡೂ ಸಾಲುಗಳನ್ನು ಆಕ್ರಮಿಸಿ ಪರಸ್ಪರ ಹಿಂದಿಕ್ಕುತ್ತಿರುವ ಲಾರಿಗಳು ಇವೆಲ್ಲವೂ ಸೇರಿ ಸರಾಸರಿ 75ಕ್ಕೆ ಇಳಿಯುತ್ತದೆ. ಕಾಲ 5 ತಾಸು 44 ನಿಮಿಷ. ಒಳದಾರಿಯಲ್ಲಿ 35ರಂತೆ 1 ತಾಸು 26 ನಿಮಿಷ. ಗಾಲಿ ಉರುಳುವ ಕಾಲವೇ 8 ತಾಸು 22 ನಿಮಿಷವಾಯಿತು. ಇದಕ್ಕೆ ನಿಲುಗಡೆಗಳು ಸೇರಬೇಕು. ಉಪಾಹಾರ 40 ನಿಮಿಷ, ಊಟ 45, ಚಹಾ 20, ಪೆಟ್ರೋಲು 15. ಕೂಡಿ 2 ತಾಸು. ಮಕ್ಕಳಿದ್ದರೆ ಇನ್ನೂ ಹೆಚ್ಚು. ಒಟ್ಟು 10 ತಾಸು 22 ನಿಮಿಷ. ಮನೆಯ ಬಾಗಿಲಿಂದ ಮನೆಯ ಬಾಗಿಲಿಗೆ ನಿಜವಾದ ಸರಾಸರಿ ತಾಸಿಗೆ 49 ಕಿಲೋಮೀಟರು! ಅಂದು ನಾನು ನಂಬಿದ್ದುದು 80 ಎಂಬುದನ್ನು ಓದುಗರು ನೆನೆಯಬೇಕು. ಎಂಟಕ್ಕೆ ಹೊರಟವನು 6.22ಕ್ಕೆ ತಲುಪಬೇಕಾಗಿತ್ತು, ಒಂದು ಬಳಸುದಾರಿ ಅದಕ್ಕೆ ನಲವತ್ತು ನಿಮಿಷ ಸೇರಿಸಿತು. ಅಂದರೆ ಆ ದಿನ ನನಗೆ ಅನಿರೀಕ್ಷಿತವಾದುದು ನಡೆದದ್ದು ಅತ್ಯಲ್ಪ. ತಡವು ಹೊರಡುವ ಮೊದಲೇ ನನ್ನ ಭಾಗಾಕಾರದಲ್ಲಿ ಕುಳಿತಿತ್ತು.

ಒಳದಾರಿಗೆ 35 ಎಂಬ ಅಂಕೆ ತೀರ ಕಡಿಮೆಯೆಂದು ಕೆಲವರಿಗೆ ತೋರಬಹುದು. ಹಳ್ಳಿಗೆ ನಾಲ್ಕರಂತೆ ಇರುವ ರಸ್ತೆಯುಬ್ಬುಗಳನ್ನು ಗಮನಿಸಿರಿ. ತಾಸಿಗೆ 60ರಲ್ಲಿ (ಸೆಕೆಂಡಿಗೆ 16.7 ಮೀಟರು) ಬರುತ್ತಿರುವ ಕಾರು ಉಬ್ಬನ್ನು ದಾಟಲು 10ಕ್ಕೆ (2.8 ಮೀಟರು) ಇಳಿಯಬೇಕು. ಸೆಕೆಂಡು ಸೆಕೆಂಡಿಗೆ 2 ಮೀಟರಿನಂತೆ ವೇಗವನ್ನು ತಗ್ಗಿಸಿದರೆ ಸುಮಾರು 7 ಸೆಕೆಂಡು ಬೇಕು; ಮತ್ತೆ 1 ಮೀಟರಿನ ವೇಗೋತ್ಕರ್ಷದಿಂದ ಮೊದಲಿನ ವೇಗಕ್ಕೇರಲು ಸುಮಾರು 14 ಸೆಕೆಂಡು. ಈ 21 ಸೆಕೆಂಡಿನಲ್ಲಿ ಕಾರು ಚಲಿಸುವ ದೂರ ಸುಮಾರು 200 ಮೀಟರು; ಉಬ್ಬಿಲ್ಲದಿದ್ದರೆ ಇದಕ್ಕೆ 12 ಸೆಕೆಂಡು ಸಾಕಾಗುತ್ತಿತ್ತು. ಉಬ್ಬೊಂದಕ್ಕೆ ನಷ್ಟ ಸುಮಾರು 9 ಸೆಕೆಂಡು. ಮೂವತ್ತು ಉಬ್ಬುಗಳಿಗೆ ನಾಲ್ಕೂವರೆ ನಿಮಿಷವಾಯಿತು. ಎಮ್ಮೆಯ ಹಿಂಡು, ಸಂತೆಯ ದಿನದ ಜನ, ಬನದ ಹುಣ್ಣಿಮೆ ಭಾರತ ಹುಣ್ಣಿಮೆಗಳಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳ ಸಾಲು ಇವುಗಳಿಗೆ ಇಂಥ ಸೂತ್ರವಿಲ್ಲ. ಆ ಹುಣ್ಣಿಮೆಗಳ ಹಿಂದುಮುಂದಿನ ದಿನಗಳಲ್ಲಿ ಸವದತ್ತಿಯ ಸುತ್ತಿನ ರಸ್ತೆಗಳಿಗೆ ನಾನು ಅಂದಾಜನ್ನೇ ಮಾಡುವುದಿಲ್ಲ.

ಹೆದ್ದಾರಿಯಲ್ಲಿ ವೇಗವನ್ನು ಹೆಚ್ಚಿಸಿದರೆ ಉಳಿಯುವುದೆಷ್ಟು? ಒಂದು ಕಿಲೋಮೀಟರಿಗೆ ಬೇಕಾಗುವ ನಿಮಿಷಗಳು 60ನ್ನು ವೇಗದಿಂದ ಭಾಗಿಸಿದಷ್ಟು. ವೇಗ 35ರಿಂದ 45ಕ್ಕೆ ಏರಿದರೆ ಕಿಲೋಮೀಟರಿಗೆ 0.38 ನಿಮಿಷ ಉಳಿಯುತ್ತದೆ. ಅದೇ ಹತ್ತನ್ನು 75ರ ಮೇಲೆ ಹೇರಿ 85 ಮಾಡಿದರೆ ಉಳಿಯುವುದು 0.09 ನಿಮಿಷ ಮಾತ್ರ, ಅಂದರೆ ಮೊದಲಿನದರ ಕಾಲುಭಾಗ. ವೇಗ ಏರಿದಂತೆಲ್ಲ ಅದರಿಂದ ಬರುವ ಲಾಭವು ವೇಗದ ವರ್ಗದ ವಿಲೋಮದಲ್ಲಿ ಕುಗ್ಗುತ್ತದೆ. ಗಾಳಿಯ ತಡೆಯಾದರೋ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ; 80ರಲ್ಲಿ ಇದ್ದುದಕ್ಕಿಂತ 100ರಲ್ಲಿ ಅದು 56 ಶೇಕಡಾ ಹೆಚ್ಚು. ಹೀಗೆ ಪೆಟ್ರೋಲು ಸುಟ್ಟು ಉಳಿಸಿದ ಕಾಲು ತಾಸನ್ನು ನಾವು ಎರಡನೆಯ ಸಲ ಚಹಾ ಹೇಳಿ ಕಳೆಯುತ್ತೇವೆ.

ಈಗ ಬೈಲಹೊಂಗಲದ ಆಚೆಯ ಸಂಗತಿ. ಕಬ್ಬು ನುರಿಸುವ ಕಾಲ. ತಾಸಿಗೆ 60–65ರಂತೆ ಅವಸರದಲ್ಲಿ ಹೋಗುತ್ತಿದ್ದೆ. ಎದುರಿಗೆ ವಾಹನ ಬಂತೆಂದು ದೀಪವನ್ನು ಡಿಮ್ ಮಾಡಿದ ಕ್ಷಣದಲ್ಲಿ ಮುಂದೆ ಕಪ್ಪು ಗೋಡೆಯಂಥದೇನೋ ಎದ್ದು ನಿಂತಿತು. ಅದು ಎರಡು ಟ್ರೇಲರಿನ ತುಂಬ ಕಬ್ಬು ಹೇರಿ ಕೆಟ್ಟು ನಿಂತ ಟ್ರಾಕ್ಟರು. ಹಿಂದೆ ಕೆಂಪು ದೀಪವೂ ಇಲ್ಲ, ಮಿನುಗುಪಟ್ಟಿಯೂ ಇಲ್ಲ. ಬ್ರೇಕನ್ನು ಒತ್ತಿ ಮಣ್ಣಿನ ಅಂಚಿಗೆ ತಿರುಗಿಸಿದೆ. ಕಬ್ಬಿನ ಗರಿಗಳು ಕಿಟಕಿಯನ್ನು ಸವರಿಕೊಂಡು ಹೋದವು. ಹಿಂದಿನ ಸೀಟಿನಲ್ಲಿ ಮಲಗಿದ್ದ ನನ್ನ ಮಗಳಿಗೆ ಎಚ್ಚರವಾಗಲಿಲ್ಲ.

ಆ ರಾತ್ರಿ ನಿದ್ರೆ ಬಾರದೆ ಮಾಡಿದ ಲೆಕ್ಕವಿದು. ಅಪಾಯವನ್ನು ಕಂಡು ಕಾಲು ಬ್ರೇಕಿಗೆ ಹೋಗಲು ಸುಮಾರು ಒಂದೂವರೆ ಸೆಕೆಂಡು ಬೇಕು. ಒಳದಾರಿಯ ಧೂಳು ಮರಳುಗಳ ಮೇಲೆ ಬ್ರೇಕು ಕೊಡುವ ಋಣ ವೇಗೋತ್ಕರ್ಷವನ್ನು ಸೆಕೆಂಡು ಸೆಕೆಂಡಿಗೆ 5 ಮೀಟರು ಎನ್ನೋಣ. ವೇಗವು ಸೆಕೆಂಡಿಗೆ v ಮೀಟರಾದರೆ ನಿಲ್ಲಲು ಬೇಕಾಗುವ ದೂರವು 1.5v + v²/10. ಡಿಮ್ ದೀಪದ ಬೆಳಕಿನಲ್ಲಿ ಮಂಕುಬಣ್ಣದ ವಸ್ತುವು ಸ್ಪಷ್ಟವಾಗಿ ಕಾಣುವುದು ಸುಮಾರು 45 ಮೀಟರಿನೊಳಗೆ. ಇವೆರಡನ್ನೂ ಸಮೀಕರಿಸಿದರೆ v² + 15v − 450 = 0. ಇದರ ಧನಮೂಲವು 15. ಸೆಕೆಂಡಿಗೆ 15 ಮೀಟರು ಎಂದರೆ ತಾಸಿಗೆ 54 ಕಿಲೋಮೀಟರು. ಇದನ್ನು ಮೀರಿದವನು ತನ್ನ ದೀಪದ ಬೆಳಕನ್ನೂ ಮೀರಿ ಓಡುತ್ತಿರುತ್ತಾನೆ. ನಿಂತ ಟ್ರೇಲರು ಅವನಿಗೆ ಕಂಡಾಗ ನಿಲ್ಲಲು ಬೇಕಾದ ನೆಲವೇ ಉಳಿದಿರುವುದಿಲ್ಲ. 80ರ ವೇಗಕ್ಕೆ ಈ ದೂರ 83 ಮೀಟರು. ಮಂಜಿದ್ದರೆ, ಎದುರಿನ ದೀಪ ಕಣ್ಣು ಕುಕ್ಕಿದರೆ 54 ಎಂಬುದೂ ಹೆಚ್ಚೇ.

ಆದುದರಿಂದ ನನ್ನ ಅಂದಾಜು ಈಗ ಹಿಂದಿನಿಂದ ಮುಂದಕ್ಕೆ ನಡೆಯುತ್ತದೆ: ಕತ್ತಲೆಗೆ ಮೊದಲು ಊರು ಸೇರಬೇಕು, ಹಾಗಾದರೆ ಹೊರಡಬೇಕಾದ ಹೊತ್ತು ಯಾವುದು? ಡಿಸೆಂಬರಿನ ನಡುವೆ ನಮ್ಮೂರಿನಲ್ಲಿ ಸೂರ್ಯಾಸ್ತ ಸುಮಾರು 6 ಗಂಟೆಗೆ. (ನಮ್ಮ ಗಡಿಯಾರವು 82.5 ಡಿಗ್ರಿ ರೇಖಾಂಶದ್ದು. ಚಚಡಿ ಸುಮಾರು 75 ಡಿಗ್ರಿಯಲ್ಲಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಅಲ್ಲಿ ಸೂರ್ಯನು ಗಡಿಯಾರಕ್ಕಿಂತ ಅರ್ಧ ತಾಸು ಹಿಂದೆ. ಬೆಂಗಳೂರಿಗಿಂತ ಹತ್ತು ನಿಮಿಷದ ಈ ಲಾಭದಲ್ಲಿ ಒಂದಿಷ್ಟನ್ನು ಉತ್ತರದ ಅಕ್ಷಾಂಶವು ಚಳಿಗಾಲದಲ್ಲಿ ಹಿಂದಕ್ಕೆ ಕಸಿದುಕೊಳ್ಳುತ್ತದೆ.) ಮುಂಜಾನೆ 6ಕ್ಕೆ ಹೊರಟರೆ 4.22ಕ್ಕೆ ತಲುಪಬೇಕು. ಆದರೆ ‘4.22’ ಎಂದು ಹೇಳುವುದು ಅವೈಜ್ಞಾನಿಕ. ಊರೊಳಗೆ 20 ನಿಮಿಷ, ಹೆದ್ದಾರಿಯಲ್ಲಿ 30, ಒಳದಾರಿಯಲ್ಲಿ 20, ನಿಲುಗಡೆಗಳಲ್ಲಿ 30 ನಿಮಿಷ ಹಿಂದುಮುಂದಾಗಬಹುದು. ಇವೆಲ್ಲವೂ ಒಂದೇ ದಿಕ್ಕಿಗೆ ಒಮ್ಮೆಲೇ ತಪ್ಪುವುದು ಅಪರೂಪ. ಒಂದಕ್ಕೊಂದು ಸಂಬಂಧವಿಲ್ಲದ ದೋಷಗಳನ್ನು ಲಂಬವಾಗಿರುವ ಸದಿಶಗಳಂತೆ ಕೂಡಿಸಬೇಕು: ವರ್ಗಗಳ ಮೊತ್ತ 2600, ಅದರ ವರ್ಗಮೂಲ 51. ಆದುದರಿಂದ ಮನೆಗೆ ತಿಳಿಸಬೇಕಾದುದು ‘ಮೂರೂವರೆಯಿಂದ ಐದೂಕಾಲರೊಳಗೆ’ ಎಂದು. ದಿನವಿಡೀ ಮಳೆ ಹಿಡಿದರೆ ಮಾತ್ರ ದೋಷಗಳು ಕೈಕೈ ಹಿಡಿದು ಬರುತ್ತವೆ. ಆಗ ನೇರವಾಗಿ ಕೂಡಿಸಿ 100 ನಿಮಿಷವೆನ್ನಬೇಕು. ಹಾಗಾದರೂ 6.02, ಊರ ಅಗಸೆಯಲ್ಲಿ ಇನ್ನೂ ಸಂಜೆಯ ಬೆಳಕಿರುತ್ತದೆ.

ಈಗಿನ ಮೊಬೈಲಿನ ನಕ್ಷೆಗಳು ಇದನ್ನೆಲ್ಲ ತಾವೇ ಹೇಳುವುದಿಲ್ಲವೆ ಎಂದು ಕೇಳಬಹುದು. ರಸ್ತೆಯಲ್ಲಿ ಸಾಗುತ್ತಿರುವ ಇತರ ಮೊಬೈಲುಗಳ ಸ್ಥಾನವನ್ನು ಗಮನಿಸಿ ಅವು ಹೇಳುವ ಕಾಲವು ನನ್ನ ಭಾಗಾಕಾರಕ್ಕಿಂತ ಎಷ್ಟೋ ಮೇಲು. ಆದರೆ ಅದು ಗಾಲಿ ಉರುಳುವ ಕಾಲ. ನಿಮ್ಮ ಊಟ, ಮಗುವಿನ ವಾಂತಿ, ದಾವಣಗೆರೆಯ ಬೆಣ್ಣೆದೋಸೆ ಇವು ಅದರ ಲೆಕ್ಕಕ್ಕೆ ಬರುವುದಿಲ್ಲ.

ವೇಗಮಾಪಕವನ್ನೂ ಪೂರ್ತಿ ನಂಬಬೇಕಾಗಿಲ್ಲ. ನಿಜವಾದ ವೇಗಕ್ಕಿಂತ ಕಡಿಮೆ ತೋರಿಸದಂತೆ, ತುಸು ಹೆಚ್ಚನ್ನೇ ತೋರಿಸುವಂತೆ ಅದನ್ನು ಮಾಡಿರುತ್ತಾರೆ. ಪರೀಕ್ಷಿಸುವುದು ಸುಲಭ. ಚಾಲಕನು ಮುಳ್ಳನ್ನು 80ರಲ್ಲಿ ನಿಲ್ಲಿಸಿಕೊಂಡಿರಲಿ; ಪಕ್ಕದಲ್ಲಿ ಕುಳಿತ ವಿದ್ಯಾರ್ಥಿಯು ಹಳದಿ ತಲೆಯ ಕಿಲೋಮೀಟರು ಕಲ್ಲುಗಳ ನಡುವಿನ ಸೆಕೆಂಡುಗಳನ್ನು ಎಣಿಸಲಿ. 3600ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ನಿಜವಾದ ವೇಗ. 48 ಸೆಕೆಂಡು ಬಂದರೆ ವೇಗ 75. ಒಂದು ಕಲ್ಲಿನ ಅಂತರಕ್ಕೆ ಬದಲಾಗಿ ಐದು ಕಲ್ಲುಗಳ ಅಂತರವನ್ನು ಅಳೆದರೆ ಗಡಿಯಾರ ನೋಡುವಲ್ಲಿನ ತಪ್ಪು ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಕೊನೆಗೆ ಓದುಗರಿಗೆ ಒಂದು ಲೆಕ್ಕ. ಎರಡು ಟ್ರೇಲರು ಸೇರಿ 18 ಮೀಟರು ಉದ್ದವಿರುವ ಟ್ರಾಕ್ಟರು ತಾಸಿಗೆ 18 ಕಿಲೋಮೀಟರಿನಂತೆ ಸಾಗುತ್ತಿದೆ. 4 ಮೀಟರು ಉದ್ದದ ಕಾರು 54ರ ವೇಗದಲ್ಲಿ ಅದನ್ನು ಹಿಂದಿಕ್ಕಬೇಕು; 14 ಮೀಟರು ಹಿಂದಿರುವಾಗ ಬಲಕ್ಕೆ ಹೊರಳಿ, 14 ಮೀಟರು ಮುಂದಾದ ಮೇಲೆ ಎಡಕ್ಕೆ ಬರುತ್ತದೆ. ಎದುರಿನಿಂದಲೂ 54ರ ವೇಗದಲ್ಲಿ ಒಂದು ಮೋಟಾರುಸೈಕಲು ಬರುತ್ತಿರಬಹುದು, ದೀಪವಿಲ್ಲದೆ. ಹೊರಳುವ ಕ್ಷಣದಲ್ಲಿ ಕಾರಿನ ಮುಂದೆ ಎಷ್ಟು ಮೀಟರು ದಾರಿ ತೆರವಾಗಿರಬೇಕು? ಉತ್ತರವನ್ನು ಮೇಲಿನ 45ರೊಡನೆ ಹೋಲಿಸಿ ನೋಡಿರಿ.