ಬೂತಾಯಿ: ಕೊಳ್ಳುವ ಹೊತ್ತು, ಬೇಯಿಸುವ ಬಗೆ

ತುಳುವರ ಬೂತಾಯಿ, ಕುಂದಾಪುರ ಕಡೆಯ ಬೈಗೆ, ಕೊಂಕಣಿಗರ ತಾರ್ಲೆ, ಕೇರಳದ ಮತ್ತಿ ಎಲ್ಲವೂ ಒಂದೇ ಮೀನು. ಶಾಸ್ತ್ರೀಯ ಹೆಸರು ಸಾರ್ಡಿನೆಲ್ಲಾ ಲಾಂಗಿಸೆಪ್ಸ್. ಗೇಣುದ್ದ ಮೀರದ ಈ ಮೀನಿನ ರುಚಿಯೂ ಸತ್ವವೂ ಅದರ ಮೈಯ ಎಣ್ಣೆಯಲ್ಲಿದೆ. ಆದ್ದರಿಂದ ಕೊಳ್ಳುವ ಕಾಲವನ್ನು ಮೊದಲು ನೋಡಬೇಕು.

ಬೂತಾಯಿ ಮುಖ್ಯವಾಗಿ ಮೊಟ್ಟೆಯಿಡುವುದು ಮುಂಗಾರಿನಲ್ಲಿ. ಆಗ ಅದರ ಕೊಬ್ಬು ಇಳಿದಿರುತ್ತದೆ. ಮಳೆಗಾಲದ ಕಡಲಲ್ಲಿ ಹುಲುಸಾಗುವ ಸೂಕ್ಷ್ಮ ಸಸ್ಯಗಳನ್ನು ತಿಂದು ಮತ್ತೆ ಮೈತುಂಬಿಕೊಳ್ಳುತ್ತದೆ. ಜುಲೈ 31ಕ್ಕೆ ಯಾಂತ್ರಿಕ ಮೀನುಗಾರಿಕೆಯ ನಿಷೇಧ ಮುಗಿದ ಮೇಲೆ, ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಸಿಗುವ ಬೂತಾಯಿಯೇ ಸೊಗಸು. 100 ಗ್ರಾಂ ಮೀನಿನಲ್ಲಿ ಪ್ರೋಟೀನ್ ವರ್ಷವಿಡೀ 18ರಿಂದ 20 ಗ್ರಾಂ ಆಸುಪಾಸಿನಲ್ಲೇ ಇರುತ್ತದೆ. ಕೊಬ್ಬು ಮಾತ್ರ ಬಡಕಲು ತಿಂಗಳುಗಳಲ್ಲಿ ಮೂರ್ನಾಲ್ಕು ಗ್ರಾಂಗೆ ಇಳಿದು, ಹಂಗಾಮಿನಲ್ಲಿ 10 ಗ್ರಾಂ ದಾಟುವುದೂ ಉಂಟು. ಹೃದಯಕ್ಕೆ ಹಿತವಾದ ಒಮೆಗಾ-3 ಇರುವುದು ಆ ಕೊಬ್ಬಿನಲ್ಲೇ. ಬಿ12, ಡಿ ಜೀವಸತ್ವಗಳೂ ಧಾರಾಳ. ದೊಡ್ಡ ಮೀನುಗಳಲ್ಲಿ ಶೇಖರವಾಗುವ ಪಾದರಸದ ಭಯ ಇಲ್ಲಿ ಕಡಿಮೆ.

ಆರಿಸುವಾಗ ಹುರುಪೆ ನೋಡಿ ಮೋಸಹೋಗಬಾರದು. ತಾಜಾ ಬೂತಾಯಿಯ ಹುರುಪೆಯೂ ಮುಟ್ಟಿದರೆ ಉದುರುತ್ತದೆ. ಕಣ್ಣು ತಿಳಿಯಾಗಿ ಉಬ್ಬಿರಬೇಕು, ಕಿವಿರು ಕೆಂಪಗಿರಬೇಕು, ಹೊಟ್ಟೆ ಒಡೆದಿರಬಾರದು. ಮನೆಗೆ ತಂದೊಡನೆ ಹುರುಪೆ ಹೆರೆದು, ತಲೆ, ಕರುಳು ತೆಗೆದು, ಹೊಟ್ಟೆಯೊಳಗಿನ ಕಪ್ಪು ಪೊರೆ ಉಜ್ಜಿ ತೊಳೆಯಬೇಕು. ಬಿಸಿಲಲ್ಲಿ ಬಿದ್ದ ಮೀನಿನಲ್ಲಿ ಹಿಸ್ಟಮಿನ್ ಹೆಚ್ಚಿ ತಿಂದವರ ಮೈ ಕೆಂಪಾಗಿ ತುರಿಸುವುದುಂಟು, ಬೇಯಿಸಿದರೂ ಹಿಸ್ಟಮಿನ್ ನಾಶವಾಗದು. ಕೂಡಲೇ ಬೇಯಿಸದಿದ್ದರೆ ಮಂಜುಗಡ್ಡೆ ಬೇಕೇ ಬೇಕು. ಫ್ರೀಜರ್‌ನಲ್ಲಿಟ್ಟರೂ ಎಣ್ಣೆ ನಿಧಾನವಾಗಿ ಕಮಟುವುದರಿಂದ ತಿಂಗಳೊಳಗೆ ಮುಗಿಸುವುದು ಲೇಸು.

ಹುರಿದ ಬೂತಾಯಿಗೆ ಅಭಿಮಾನಿಗಳು ಹೆಚ್ಚು. ಆದರೆ ಕರಿದಾಗ ಮೀನಿನ ಒಳ್ಳೆಯ ಎಣ್ಣೆಯ ಒಂದಂಶ ಬಾಣಲೆಯ ಪಾಲು. ಪುಳಿಮುಂಚಿ ಎಂಬ ಹುಳಿ-ಖಾರದ ಸಾರಿನಲ್ಲಿ ಆ ಎಣ್ಣೆ ರಸಕ್ಕಿಳಿದರೂ ಅನ್ನದೊಂದಿಗೆ ಹೊಟ್ಟೆಗೇ ಸೇರುತ್ತದೆ. ಪುಳಿಮುಂಚಿ ಮಾಡಲು ಅರ್ಧ ಕೆ.ಜಿ. ಮೀನಿಗೆ ಹುರಿದ 12-15 ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಕಾಲು ಚಮಚ ಮೆಂತ್ಯ, ಐದಾರು ಎಸಳು ಬೆಳ್ಳುಳ್ಳಿ, ಚಿಟಿಕೆ ಅರಿಸಿನ, ನಿಂಬೆ ಗಾತ್ರದ ಹುಣಸೆಹಣ್ಣು ಸೇರಿಸಿ ನುಣ್ಣಗೆ ಅರೆಯಬೇಕು. ತೆಂಗಿನಕಾಯಿ ಬೇಡ. ಮಣ್ಣಿನ ಪಾತ್ರೆಯಲ್ಲಿ ಮಸಾಲೆ, ಉಪ್ಪು, ಜಜ್ಜಿದ ಶುಂಠಿ, ಸೀಳಿದ ಹಸಿಮೆಣಸು ಹಾಕಿ ಚೆನ್ನಾಗಿ ಕುದಿಸಿದ ಮೇಲೆಯೇ ಮೀನು ಬಿಡಬೇಕು. ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಸಾಕು. ಸೌಟಾಡಿಸಿದರೆ ಮೀನು ಪುಡಿಯಾಗುತ್ತದೆ. ಪಾತ್ರೆಯನ್ನೇ ಹಿಡಿದು ಮೆಲ್ಲಗೆ ಅಲುಗಿಸಬೇಕು.

ಮೆತ್ತಗಾದ ಸಣ್ಣ ಮುಳ್ಳುಗಳನ್ನು ಅಗಿದು ತಿಂದರೆ ಕ್ಯಾಲ್ಸಿಯಂ ಲಾಭ. ಮಕ್ಕಳಿಗೆ ಮಾತ್ರ ಬಿಡಿಸಿಯೇ ಕೊಡಬೇಕು. ಪ್ಯೂರಿನ್ ಹೆಚ್ಚಿರುವುದರಿಂದ ಯೂರಿಕ್ ಆಮ್ಲದ ಸಂಧಿನೋವಿರುವವರು ವೈದ್ಯರನ್ನು ಕೇಳಿ ತಿನ್ನುವುದು ಒಳಿತು. ಉಳಿದವರಿಗೆ ಈ ಸಾರು ಮರುದಿನದ ಕುಚ್ಚಲಕ್ಕಿ ಗಂಜಿಯ ಜೊತೆ ಇನ್ನೂ ರುಚಿ.